ಆಯಿಯ ಎರಡು ಹೆಸರು, ಹನ್ನೊಂದು ಸೀರೆ

ಆಯಿ ಹೋಗಿ ಹತ್ತು ತಿಂಗಳಾಯಿತು. ಆಕೆಗೆ ಸಂಬಂಧಿಸಿದ ಕೊನೆಯ ಕಾಗದ ಕಳೆದ ವಾರದ ಸೋಮವಾರ ನಮ್ಮ ಕೈಗೆ ಬಂತು. ಇಷ್ಟು ದಿನ ಬೆಂಗಳೂರಿನಿಂದ ಧಾರವಾಡಕ್ಕೆ ಎಷ್ಟು ಸಲ ರೈಲು ಹತ್ತಿದೆನೋ ಲೆಕ್ಕ ಇಟ್ಟಿಲ್ಲ. ಮನೆಯ ಹಿರಿಯ ಜೀವವೊಂದು ಹೋದಾಗ ಏನೇನು ಮಾಡಬೇಕಾಗುತ್ತದೆ, ಎಲ್ಲೆಲ್ಲಿ ಎಡವುತ್ತೇವೆ ಎಂದು ಮೊದಲೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ನನ್ನ ಅರ್ಧ ಓಡಾಟ ತಪ್ಪುತ್ತಿತ್ತು. ಅದಕ್ಕೇ ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಆಯಿ ಅಂದರೆ ನನ್ನ ಅಪ್ಪನ ತಾಯಿ. ಉಪ್ಪಿನ ಸತ್ಯಾಗ್ರಹ ನಡೆದ ವರ್ಷ ಸೀಗಿ ಹುಣ್ಣಿಮೆಯ ಮುಂದೆ ಹುಟ್ಟಿದ್ದೆ ಅನ್ನುತ್ತಿದ್ದಳು. ಅಂದರೆ 1930. ಆಧಾರ್ ಕಾರ್ಡಿನಲ್ಲಿ ಮಾತ್ರ 1932ರ ಜನವರಿ 1 ಎಂದಿತ್ತು. ಹುಟ್ಟಿದ ದಿನಕ್ಕೆ ದಾಖಲೆಯಿಲ್ಲದ ಎಷ್ಟೋ ಹಿರಿಯರ ಕಾರ್ಡುಗಳಲ್ಲಿ ಜನವರಿ 1 ಇರುತ್ತದೆ, ನಾವೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ ಮದುವೆಯಾಗಿ ಧಾರವಾಡದ ಮಾಳಮಡ್ಡಿಯ ಮನೆಗೆ ಬಂದಳು. ನಮ್ಮ ಕಡೆಯ ಪದ್ಧತಿಯಂತೆ ಅಂದೇ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿ ತವರಿನ ಹೆಸರು ಬದಲಾಯಿಸಿದರು. ಆ ಅಕ್ಕಿಯ ಮೇಲಿನ ಹೆಸರು ಎಪ್ಪತ್ತೇಳು ವರ್ಷಗಳ ಮೇಲೆ ನಮ್ಮನ್ನು ಐದಾರು ತಿಂಗಳು ಅಲೆದಾಡಿಸಿತು.

ಆಕೆಗೆ ಜೀವವಿದ್ದದ್ದು ಎರಡರಲ್ಲಿ, ಹಾಡು ಮತ್ತು ಕಸೂತಿ. ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿ ಶುರುವಾದಾಗ ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲವಂತೆ. ಎದುರು ಮನೆಯ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದಳು, ಕೈಯಲ್ಲಿ ಸೂಜಿ. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ನಡೆಯುವ ಸಂಗೀತೋತ್ಸವಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಬೆಳಗಿನ ತನಕ ಕುಳಿತು ಬರುತ್ತಿದ್ದಳು. ಗಂಗೂಬಾಯಿ ಹಾನಗಲ್ಲರ ಹೆಸರೆತ್ತಿದರೆ ಕೈ ಮುಗಿಯುತ್ತಿದ್ದಳು. ಮಲ್ಲಿಕಾರ್ಜುನ ಮನಸೂರರ ವಚನ ಗಾಯನ ರೇಡಿಯೋದಲ್ಲಿ ಬಂದರೆ ಒಲೆಯ ಮೇಲಿನ ಸಾರು ಉಕ್ಕಿ ಹೋದರೂ ಏಳುತ್ತಿರಲಿಲ್ಲ.

2009ರ ಜುಲೈನಲ್ಲಿ ಗಂಗೂಬಾಯಿಯವರು ತೀರಿಕೊಂಡು ಅವರ ಕಣ್ಣುಗಳನ್ನು ದಾನ ಮಾಡಿದರೆಂದು ಪೇಪರಿನಲ್ಲಿ ಬಂತು. ಅದನ್ನು ಓದಿಸಿಕೊಂಡು ಆಯಿ ಅಪ್ಪನಿಗೆ ಹೇಳಿದಳು: "ಅವರು ಕೊಟ್ಟಾರಂದ್ರ ನಾ ಯಾಕ ಕೊಡಬಾರದು? ಇಷ್ಟ ವರ್ಷ ಎಳಿ ಎಣಿಸ್ಯಾವ ನನ್ನ ಕಣ್ಣು. ಇನ್ನೊಬ್ಬರ ಮನ್ಯಾಗ ಹೋಗಿ ಇನ್ನೊಂದಿಷ್ಟು ನೋಡಲಿ." ಅದೇ ವಾರ ಅರ್ಜಿ ತುಂಬಿಸಿ ಹೆಬ್ಬೆರಳಲ್ಲ, ಸಹಿ ಮಾಡಿದಳು. ಆಗಿನ ಕಾಲದ ಶಾಲೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಸಹಿಯ ಬಗ್ಗೆ ಅಭಿಮಾನವಿತ್ತು.

ಫೆಬ್ರವರಿಯ ಆ ದಿನ ಬೆಳಗಿನ ನಾಲ್ಕೂವರೆಯ ಸುಮಾರಿಗೆ ಆಯಿಯ ಉಸಿರು ನಿಂತಿತು. ನಾನು ಎರಡು ದಿನ ಮೊದಲೇ ಊರಿಗೆ ಬಂದಿದ್ದೆ, ಅದು ನನ್ನ ಪುಣ್ಯ. ಅಳುತ್ತಿದ್ದ ಮನೆಯಲ್ಲಿ ಕಣ್ಣಿನ ನೆನಪು ಮಾಡಿದವರು ದೊಡ್ಡತ್ತೆ, ಅಪ್ಪನ ಅಕ್ಕ. ಕಣ್ಣು ತೆಗೆಯಬೇಕಾದರೆ ಉಸಿರು ನಿಂತ ಆರು ತಾಸಿನೊಳಗೆ ಆಗಬೇಕು. ನಾವು ಮೊದಲು ಫೋನ್ ಮಾಡಿದ್ದು ನೇತ್ರ ಬ್ಯಾಂಕಿಗೆ, ಅವರು ಕೇಳಿದ್ದು ವೈದ್ಯರು ಮರಣ ಖಚಿತಪಡಿಸಿದ ಚೀಟಿ. ಓಣಿಯ ವೈದ್ಯರನ್ನು ಎಬ್ಬಿಸಿ ಕರೆತರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಆದ್ದರಿಂದ ವೈದ್ಯರಿಗೂ ನೇತ್ರ ಬ್ಯಾಂಕಿಗೂ ಒಟ್ಟಿಗೇ ಫೋನ್ ಹೋಗಲಿ. ಅಷ್ಟರೊಳಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರಿಸಬೇಕು. ಇದನ್ನೆಲ್ಲ ಅವರೇ ಫೋನಿನಲ್ಲಿ ಹೇಳುತ್ತಾರೆ.

ನಮಗೊಂದು ಅಳುಕಿತ್ತು. ತೊಂಬತ್ತು ದಾಟಿದ ಕಣ್ಣು, ಎರಡಕ್ಕೂ ಪೊರೆಯ ಆಪರೇಶನ್ ಆಗಿತ್ತು, ತೆಗೆದುಕೊಳ್ಳುತ್ತಾರೋ ಇಲ್ಲವೋ. ಬಂದ ಹುಡುಗ ಸಮಾಧಾನವಾಗಿ ವಿವರಿಸಿದ: ವಯಸ್ಸಿನ ಮಿತಿ ಇಲ್ಲ, ಪೊರೆ ತೆಗೆಸಿದ್ದರೂ ಕನ್ನಡಕ ಹಾಕುತ್ತಿದ್ದರೂ ಅಡ್ಡಿಯಿಲ್ಲ. ಕಸಿಗೆ ಬಾರದಿದ್ದರೆ ಕಲಿಕೆಗೆ, ಸಂಶೋಧನೆಗೆ ಉಪಯೋಗವಾಗುತ್ತದೆ. ಬದುಕಿದ್ದಾಗ ಅರ್ಜಿ ತುಂಬಿದ್ದರೂ ಆ ಹೊತ್ತಿನಲ್ಲಿ ಮನೆಯವರ ಒಪ್ಪಿಗೆ ಬೇಕೇ ಬೇಕು. ಅಪ್ಪ ಸಹಿ ಮಾಡಿದರು, ಇಬ್ಬರು ಸಾಕ್ಷಿ ಹಾಕಿದರು. ಸ್ವಲ್ಪ ರಕ್ತದ ಮಾದರಿ ತೆಗೆದುಕೊಂಡರು. ಇಪ್ಪತ್ತು ನಿಮಿಷ ಹಿಡಿಯಿತು. ಮುಖ ಇದ್ದ ಹಾಗೇ ಇತ್ತು, ಕಣ್ಣು ಮುಚ್ಚಿ ಹಾಡು ಕೇಳುವಾಗ ಇರುತ್ತಿದ್ದ ಹಾಗೆ. ಒಂದು ರೂಪಾಯಿ ಖರ್ಚಿಲ್ಲ.

ಅವರು ಕೆಲಸ ಮಾಡುವಾಗಲೇ ಆಚೆ ಕೋಣೆಯಲ್ಲಿ ಅಪ್ಪ ದಿನದ ರೂಢಿಯಂತೆ ರೇಡಿಯೋದ ಕಿವಿ ತಿರುವಿಬಿಟ್ಟಿದ್ದರು. ಆಕಾಶವಾಣಿ ತೆರೆಯುವ ಆ ತಂಬೂರಿ, ಪಿಟೀಲಿನ ಧ್ವನಿ ಮನೆ ತುಂಬಿತು. ಅಪ್ಪ ಬೆಚ್ಚಿ ಆರಿಸಲು ಹೋದರು. ದೊಡ್ಡತ್ತೆ ಕೈ ಹಿಡಿದು "ಇರಲಿ ಬಿಡು" ಅಂದರು.

ಇನ್ನು ಕಾಗದಗಳ ಕಥೆ.

ಮರಣ ನೋಂದಣಿಗೆ 21 ದಿನಗಳೊಳಗೆ ಹೋದರೆ ಶುಲ್ಕವಿಲ್ಲ. ತಡವಾದರೆ ದಂಡ, ಇನ್ನೂ ತಡವಾದರೆ ಮೇಲಿನ ಅಧಿಕಾರಿಗಳ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಆಸ್ಪತ್ರೆಯಲ್ಲಿ ಸತ್ತರೆ ಅವರೇ ಮಾಹಿತಿ ಕಳಿಸುತ್ತಾರೆ. ಮನೆಯಲ್ಲಿ ಸತ್ತರೆ ಅದು ಮನೆಯವರ ಹೊಣೆ. ಕೊನೆಯಲ್ಲಿ ನೋಡುತ್ತಿದ್ದ ವೈದ್ಯರಿಂದ ಮರಣದ ಕಾರಣ ಬರೆದ ನಮೂನೆ, ಸ್ಮಶಾನದ ರಸೀದಿ, ಆಧಾರ್ ಪ್ರತಿ ಇವಿಷ್ಟು ಬೇಕಾದವು. ಸ್ಮಶಾನದ ರಸೀದಿ ಯಾರ ಜೇಬಿನಲ್ಲಿದೆ ಎಂದು ಹುಡುಕಲು ನಮಗೆ ಮೂರು ದಿನ ಬೇಕಾಯಿತು. ಆ ದಿನ ಮನೆಯಲ್ಲಿ ಯಾರು ಸ್ವಲ್ಪ ಗಟ್ಟಿಯಾಗಿರುತ್ತಾರೋ ಅವರ ಕೈಗೆ ಒಂದು ಚೀಲ ಕೊಟ್ಟು, ಎಲ್ಲ ಚೀಟಿ ಅದರೊಳಗೇ ಹೋಗಲಿ ಅನ್ನಿ.

ಅರ್ಜಿ ತುಂಬಿದ್ದು ನಮ್ಮ ಚಿಕ್ಕಪ್ಪನ ಮಗ. ಹದಿಮೂರನೆಯ ದಿನದ ಗಡಿಬಿಡಿ, ಪಾಪ, ಆಧಾರ್‌ನಲ್ಲಿದ್ದ ಹೆಸರು ಬರೆದ, ಇಂಗ್ಲಿಷಿನಲ್ಲಿ ಒಂದಕ್ಷರ ಬಿಟ್ಟ. ಕೈಗೆ ಬಂದ ಪ್ರಮಾಣಪತ್ರವನ್ನು ನಾವ್ಯಾರೂ ಓದಿ ನೋಡಲಿಲ್ಲ. ಹತ್ತು ಪ್ರತಿ ತೆಗೆಸಿ ಹಂಚಿಕೊಂಡೆವು. ತಪ್ಪು ಗೊತ್ತಾಗಿದ್ದು ಬ್ಯಾಂಕಿನ ಕೌಂಟರಿನ ಮುಂದೆ ನಿಂತಾಗ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಆಧಾರ್‌ನಲ್ಲಿ ಬರೀ ಹೆಸರು. ಪಾಸ್‌ಬುಕ್ಕಿನಲ್ಲಿ ಅದೇ ಹೆಸರಿನ ಮುಂದೆ "ಬಾಯಿ". ಪಿಂಚಣಿಯ ಕಾಗದದಲ್ಲಿ "ಬಾಯಿ"ಯೂ ಇದೆ, ಗಂಡನ ಹೆಸರೂ ಸೇರಿದೆ. ಟ್ರಂಕಿನ ತಳದಲ್ಲಿ ಸಿಕ್ಕ ಇನ್ನೊಂದು ಹಳೆಯ ಪಾಸ್‌ಬುಕ್ಕಿನಲ್ಲಿ ಮಾತ್ರ ನಾವ್ಯಾರೂ ಕರೆಯದಿದ್ದ ಹೆಸರು, ತವರಿನದು. ತವರಿನ ಹೊಲ ಮಾರಿದಾಗ ಆಕೆಯ ಅಣ್ಣ ತಂಗಿಯ ಪಾಲೆಂದು ಹಳೆಯ ಹೆಸರಿನಲ್ಲೇ ಖಾತೆ ತೆರೆದು ದುಡ್ಡು ಇಟ್ಟಿದ್ದರು. ಆಯಿ ಅದನ್ನು ಮುಟ್ಟಿರಲೇ ಇಲ್ಲ.

ನೋಂದಣಿಯಾದ ದಾಖಲೆಯನ್ನು ತಿದ್ದಲು ಬರುತ್ತದೆ. ಆದರೆ ಮೂಲ ನಮೂದನ್ನು ಅಳಿಸುವುದಿಲ್ಲ, ಅಂಚಿನಲ್ಲಿ ತಿದ್ದುಪಡಿ ಬರೆಯುತ್ತಾರೆ. ವಿಷಯ ಗೊತ್ತಿರುವ ಇಬ್ಬರ ಹೇಳಿಕೆ ಬೇಕು. ನಮ್ಮ ಪಾಲಿಗೆ ಐದು ವಾರ ಹಿಡಿಯಿತು. ಸ್ಟ್ಯಾಂಪ್ ಪೇಪರು, ಟೈಪಿಂಗು, ನೋಟರಿ ಸೇರಿ ಒಂದೊಂದು ಅಫಿಡವಿಟ್ಟಿಗೆ ನಾನೂರು ರೂಪಾಯಿಯ ಹತ್ತಿರ ಹೋಯಿತು. ಒಟ್ಟು ಏಳು ಅಫಿಡವಿಟ್ ಆದವು. ಅದರಲ್ಲಿ ನಾಲ್ಕನ್ನು ಒಂದೇ ಒಂದು ಶಬ್ದ ತಪ್ಪಿಸುತ್ತಿತ್ತು ಎಂದು ಆಮೇಲೆ ತಿಳಿಯಿತು: "ಉರುಫ್". ತವರಿನ ಹೆಸರು ಉರುಫ್ ಗಂಡನ ಮನೆಯ ಹೆಸರು ಎಂದು ವಂಶವೃಕ್ಷದ ಅರ್ಜಿಯಲ್ಲೂ ಅದರ ಅಫಿಡವಿಟ್ಟಿನಲ್ಲೂ ಮೊದಲ ದಿನವೇ ಬರೆಸಿದ್ದರೆ ಮುಂದಿನ ಎಲ್ಲ ಬಾಗಿಲು ಬೇಗ ತೆರೆಯುತ್ತಿದ್ದವು. ನಮ್ಮ ಉತ್ತರ ಕರ್ನಾಟಕದ ಕಡೆ ಮದುವೆಯಲ್ಲಿ ಹೆಸರು ಬದಲಾದ ಅಜ್ಜಿಯರಿರುವ ಮನೆಯವರು ಈ ಒಂದು ಶಬ್ದ ಮರೆಯಬೇಡಿ. ಸಾಧ್ಯವಿದ್ದರೆ ಅವರು ಇರುವಾಗಲೇ ಆಧಾರ್, ಪಾಸ್‌ಬುಕ್, ಪಿಂಚಣಿ ಮೂರರಲ್ಲೂ ಹೆಸರು ಒಂದೇ ಇದೆಯೇ ನೋಡಿ. ಒಂದು ಮಧ್ಯಾಹ್ನದ ಕೆಲಸ.

ಪಿಂಚಣಿಯ ವಿಷಯದಲ್ಲಿ ನಾವೇ ತಪ್ಪು ಮಾಡಿದೆವು. ಅಜ್ಜ ಹೈಸ್ಕೂಲ್ ಮಾಸ್ತರರಾಗಿದ್ದವರು, ಅವರ ನಂತರ ಆಯಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ಆಯಿ ಹೋದ ಸುದ್ದಿಯನ್ನು ಬ್ಯಾಂಕಿಗೆ ಬರೆದು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಖಾತೆಯ ಕೆಲಸಕ್ಕೆ ಹೋದಾಗ ಮೂರು ತಿಂಗಳ ಪಿಂಚಣಿ ಜಮಾ ಆಗಿಬಿಟ್ಟಿತ್ತು. ಅದು ಸರ್ಕಾರದ ದುಡ್ಡು, ಮರಳಿಸಲೇಬೇಕು. ಪುಣ್ಯಕ್ಕೆ ಯಾರೂ ಮುಟ್ಟಿರಲಿಲ್ಲ. ಅಪ್ಪನಿಗೆ ಮಾತ್ರ ಇದು ಬಹಳ ಹತ್ತಿತು. "ಜನ್ಮದಾಗ ಒಬ್ಬರ ಕಡೆ ಎಂಟಾಣೆ ಸಾಲ ಇಟ್ಟಾಕಿ ಅಲ್ಲ ಆಕಿ" ಎಂದು ರಾತ್ರಿಯೆಲ್ಲ ಹೊರಳಾಡಿದರು. ಮರುದಿನ ಬಾಗಿಲು ತೆರೆಯುವ ಮೊದಲೇ ಬ್ಯಾಂಕಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಹದಿಮೂರು ದಿನ ಮುಗಿದ ಮೇಲೆ ಮೊದಲ ಕೆಲಸ ಇದೇ ಇರಲಿ. ಒಂದು ಹಾಳೆಯ ಅರ್ಜಿ, ಜೊತೆಗೆ ಮರಣ ಪ್ರಮಾಣಪತ್ರ, ಮತ್ತೆ ಅರ್ಜಿ ಮುಟ್ಟಿದ್ದಕ್ಕೆ ಅವರ ಸೀಲು.

ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದೆವು. ಅಫಿಡವಿಟ್, ಎಲ್ಲ ವಾರಸುದಾರರ ಆಧಾರ್, ಮರಣ ಪ್ರಮಾಣಪತ್ರ. ಆಮೇಲೆ ಗ್ರಾಮ ಆಡಳಿತ ಅಧಿಕಾರಿ ಸ್ಥಳಕ್ಕೆ ಬಂದು ನೆರೆಹೊರೆಯವರನ್ನು ಕೇಳಿ ಮಹಜರು ಬರೆದುಕೊಂಡರು. ಪುಣೆಯಲ್ಲಿದ್ದ ಚಿಕ್ಕಪ್ಪ 2016ರಲ್ಲೇ ತೀರಿಕೊಂಡಿದ್ದರು. ಅವರ ಮರಣ ಪ್ರಮಾಣಪತ್ರವೂ ಅವರ ಹೆಂಡತಿ ಮಕ್ಕಳ ಕಾಗದಗಳೂ ಬೇಕಾದವು. ಮರಾಠಿಯಲ್ಲಿದ್ದದ್ದನ್ನು ಕನ್ನಡಕ್ಕೆ ಅನುವಾದ ಮಾಡಿಸಿ ದೃಢೀಕರಿಸಿ ತರುವಷ್ಟರಲ್ಲಿ ಮೂರು ವಾರ. ಸತ್ತವರ ವಾರಸುದಾರರಲ್ಲಿ ಇನ್ನೊಬ್ಬರು ಸತ್ತಿದ್ದರೆ ಅವರ ಕಾಗದಗಳಿಂದಲೇ ಕೆಲಸ ಶುರು ಮಾಡಿ.

ಮಹಜರಿನ ದಿನ ಅಧಿಕಾರಿ ಕೇಳಿದರು: "ಒಟ್ಟು ಮಕ್ಕಳು ಎಷ್ಟು? ಸತ್ತವರನ್ನೂ ಸೇರಿಸಿ ಹೇಳ್ರಿ."

"ನಾಲ್ಕು" ಅಂದರು ಅಪ್ಪ.

ದೊಡ್ಡತ್ತೆ ಒಳಗಿನಿಂದ "ಐದು" ಅಂದರು.

ನಾವೆಲ್ಲ ಅವರತ್ತ ತಿರುಗಿದೆವು. ಎಪ್ಪತ್ತಾರು ವರ್ಷದ ದೊಡ್ಡತ್ತೆ ಬಾಗಿಲಿಗೆ ಬಂದು ನಿಂತರು. ತನಗೂ ಅಪ್ಪನಿಗೂ ನಡುವೆ ಒಬ್ಬಳು ತಂಗಿ ಇದ್ದಳು, ಹನ್ನೊಂದು ತಿಂಗಳಿಗೆ ಹೋದಳು, ಆಯಿ ಆ ಮಾತು ಎತ್ತಿದವಳಲ್ಲ ಅಂದರು. ಮಗುವಿನ ಹೆಸರನ್ನೂ ಹೇಳಿದರು. ಅಧಿಕಾರಿ ಒಂದು ಕ್ಷಣ ಪೆನ್ನು ಎತ್ತಿ ಹಿಡಿದು, ಆಮೇಲೆ ಬರೆದುಕೊಂಡರು: ಎರಡನೆಯ ಮಗಳು, ಮೃತ, ಸಂತಾನವಿಲ್ಲ. ಅಪ್ಪನಿಗೆ ಎಪ್ಪತ್ತು ವರ್ಷ. ತನಗೆ ಇನ್ನೊಬ್ಬಳು ಅಕ್ಕ ಇದ್ದಳೆಂದು ಆ ದಿನ ಮಹಜರಿನ ಹಾಳೆಯಿಂದ ತಿಳಿಯಿತು.

ಬ್ಯಾಂಕಿನ ಮುಖ್ಯ ಖಾತೆಗೆ ಅಪ್ಪನ ಹೆಸರು ನಾಮನಿರ್ದೇಶನ ಆಗಿತ್ತು, ಹಾಗಾಗಿ ಹೆಸರಿನ ಗೊಂದಲ ತೀರಿದ ಮೇಲೆ ಎರಡು ವಾರದಲ್ಲಿ ಮುಗಿಯಿತು. ಕಾಗದವೆಲ್ಲ ಸರಿಯಾಗಿ ಕೊಟ್ಟ ಮೇಲೆ 15 ದಿನಗಳೊಳಗೆ ಇತ್ಯರ್ಥ ಮಾಡಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಯಾರಾದರೂ ಎಳೆದಾಡಿಸಿದರೆ ಅದನ್ನು ನಯವಾಗಿ ನೆನಪಿಸಬಹುದು. ಇನ್ನೊಂದು ಮಾತು. ನಾಮಿನಿ ಅಂದರೆ ದುಡ್ಡಿನ ಒಡೆಯ ಅಲ್ಲ, ವಾರಸುದಾರರ ಪರವಾಗಿ ಪಡೆದುಕೊಳ್ಳುವವನು ಅಷ್ಟೇ. ಇದನ್ನು ಮೊದಲೇ ಎಲ್ಲರೂ ತಿಳಿದುಕೊಂಡರೆ ಅಣ್ಣತಮ್ಮಂದಿರ ಮಧ್ಯೆ ಮನಸ್ತಾಪ ಬರುವುದಿಲ್ಲ. ನಮ್ಮಲ್ಲಿ ಬರಲಿಲ್ಲ, ದೇವರ ದಯೆ.

ತವರಿನ ಹೆಸರಿನ ಖಾತೆಯೇ ಕಠಿಣವಾಯಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ವ್ಯವಹಾರವಿಲ್ಲದ ಠೇವಣಿಗಳನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗಾಯಿಸುತ್ತವೆ. ಹಾಗೆಂದು ಅದು ಮುಳುಗಿಹೋಗುವುದಿಲ್ಲ, ಮೂಲ ಬ್ಯಾಂಕಿನಲ್ಲೇ ಕೇಳಿ ಪಡೆಯಬಹುದು. ಯಾವ ಬ್ಯಾಂಕಿನಲ್ಲಿದೆ ಎಂದೇ ಗೊತ್ತಿಲ್ಲದಿದ್ದರೆ 2023ರಲ್ಲಿ ಶುರುವಾದ ಉದ್ಗಮ್ ಎಂಬ ಪೋರ್ಟಲ್‌ನಲ್ಲಿ ಹೆಸರು ಹಾಕಿ ಹುಡುಕಬಹುದು. ನಮ್ಮ ತೊಡಕು ಹುಡುಕುವುದಾಗಿರಲಿಲ್ಲ. ಈ ಹೆಸರಿನವಳೇ ಆ ಹೆಸರಿನವಳು ಎಂದು ತೋರಿಸಲು ಹಳೆಯ ದಾಖಲೆಯೊಂದು ಬೇಕಿತ್ತು. 1948ರ ಮದುವೆ, ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ಮದುವೆ ನೋಂದಣಿಯ ಮಾತು ಎಲ್ಲಿ! ಆಯಿಯ ಶಾಲೆಯ ದಾಖಲೆ ಹುಡುಕಿಕೊಂಡು ಅವಳ ತವರೂರಿಗೆ ಎರಡು ಸಲ ಹೋಗಿ ಬಂದೆ. ಹಳೆಯ ರಜಿಸ್ಟರುಗಳು ಗೆದ್ದಲು ಹಿಡಿದು ಹೋಗಿದ್ದವು. ಎರಡನೆಯ ಸಲ ಹಿಂತಿರುಗುವಾಗ ಬಸ್ಸಿನಲ್ಲಿ ಅಳು ಬಂತು. ಮೂವತ್ತೆಂಟು ಸಾವಿರ ರೂಪಾಯಿಗಾಗಿ ಅಲ್ಲ. ತೊಂಬತ್ತನಾಲ್ಕು ವರ್ಷ ಬದುಕಿದವಳ ಮೊದಲ ಹದಿನೇಳು ವರ್ಷಗಳಿಗೆ ಎಲ್ಲೂ ಒಂದು ಸಾಲಿನ ಗುರುತಿಲ್ಲವಲ್ಲ ಎಂದು.

ಉಳಿದದ್ದು ಲಾಕರ್. ಅದಕ್ಕೆ ದೊಡ್ಡತ್ತೆ ನಾಮಿನಿ. ಹೆಸರಿನ ಅಫಿಡವಿಟ್ ಕೊಟ್ಟು, ಸಾಕ್ಷಿಗಳ ಎದುರಿಗೆ ತೆರೆದು, ಒಳಗಿದ್ದದ್ದನ್ನು ಒಂದೊಂದಾಗಿ ಪಟ್ಟಿ ಮಾಡಿದೆವು. ಜೊತೆಗೆ ಬರಲು ಎಲ್ಲರೂ ಕೆಲಸ ಬಿಡಬೇಕು, ದಿನ ಮೊದಲೇ ಗೊತ್ತು ಮಾಡಿಕೊಳ್ಳಿ. ಎರಡು ಬಳೆ, ಒಂದು ಟೀಕಿ, ಬೆಳ್ಳಿಯ ಪಂಚಪಾಳೆ, ಉದ್ಧರಣೆ. ಎಲ್ಲದರ ಕೆಳಗೆ ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿದ ಮೆತ್ತನೆಯದೊಂದು. ಬ್ಯಾಂಕಿನವರು ಪಟ್ಟಿಗೆ ಬರೆದುಕೊಳ್ಳಲು "ಇದೇನ್ರಿ?" ಅಂದರು.

ಕುಂಚಿ. ಕೂಸಿನ ತಲೆಗೆ ಕಟ್ಟಿ ಬೆನ್ನ ಮೇಲೆ ಇಳಿಬಿಡುವ ಕುಂಚಿ. ಕಡುಗೆಂಪು ಖಣದ ಬಟ್ಟೆ, ಅಂಚಿಗೆ ಸುತ್ತಲೂ ಬಿಳಿ ಎಳೆಯಲ್ಲಿ ಮುರ್ಗಿ ಹೊಲಿಗೆ, ಮೆಟ್ಟಿಲು ಮೆಟ್ಟಿಲಾಗಿ. ಬೆನ್ನ ಮೇಲೆ ಒಂದು ತೊಟ್ಟಿಲು. ತೊಟ್ಟಿಲ ಒಂದು ಹಗ್ಗ ಮೇಲಿನವರೆಗೆ ಹೋಗಿದೆ, ಇನ್ನೊಂದು ಅರ್ಧಕ್ಕೆ ನಿಂತಿದೆ. ದೊಡ್ಡತ್ತೆ ಬ್ಯಾಂಕಿನ ನೆಲಮಾಳಿಗೆಯಲ್ಲೇ ಅದನ್ನು ಎದೆಗೆ ಒತ್ತಿಕೊಂಡು ಕುಳಿತುಬಿಟ್ಟರು. ಯಾರೂ ಏನೂ ಕೇಳಲಿಲ್ಲ. ಪಟ್ಟಿಯಲ್ಲಿ "ಮಗುವಿನ ಬಟ್ಟೆ, 1" ಎಂದು ಬರೆದರು.

ಆ ಕುಂಚಿಯ ಮಡಿಕೆಯೊಳಗೆ ನಾಲ್ಕಾಗಿ ಮಡಚಿದ ಒಂದು ಕಾಗದ. ಆಯಿಯ ಮುಲ್ಕಿ ಪರೀಕ್ಷೆಯ ಸರ್ಟಿಫಿಕೇಟು. ತವರಿನ ಹೆಸರು, ಅಪ್ಪನ ಹೆಸರು, ಊರು. ಹಿಂದಿನ ಬದಿಗೆ ಪೆನ್ಸಿಲ್ಲಿನಲ್ಲಿ ಆಕೆಯದೇ ಅಕ್ಷರದಲ್ಲಿ ಮದುವೆಯ ದಿನ, ಹೊಸ ಹೆಸರು. ಅದನ್ನೂ ವಂಶವೃಕ್ಷವನ್ನೂ ಒಟ್ಟಿಗೆ ಇಟ್ಟ ಮೇಲೆ ಹಳೆಯ ಖಾತೆಯ ಕೆಲಸ ಸಾಗಿತು, ಅಕ್ಟೋಬರಿನಲ್ಲಿ ಮುಗಿಯಿತು.

ಈ ನಡುವೆ ಮಳೆಗಾಲ ಪೂರ್ತಿ ನಾನೂ ದೊಡ್ಡತ್ತೆಯೂ ಮಾಡಿದ ಕೆಲಸ ಬೇರೆಯದು. ಯಾವ ಕಚೇರಿಯೂ ಕೇಳದಿದ್ದ ಪಟ್ಟಿ ಅದು. ಆಯಿಯ ಟ್ರಂಕಿನಲ್ಲಿ ಹನ್ನೊಂದು ಕಸೂತಿ ಸೀರೆಗಳಿದ್ದವು. ಹಂಚಿಕೊಳ್ಳುವ ಮೊದಲು ಒಂದೊಂದನ್ನೂ ಬಿಡಿಸಿ, ಫೋಟೋ ತೆಗೆದು, ಯಾರದು, ಯಾವಾಗಿನದು, ಏನೇನು ಚಿತ್ತಾರ ಎಂದು ಬರೆದಿಡೋಣ ಎಂದು ನಾನೇ ಹಟ ಹಿಡಿದೆ. ಹೊರಗೆ ಧಾರವಾಡದ ಜಿಟಿಜಿಟಿ ಮಳೆ, ಒಳಗೆ ತೊಳೆದ ಹಳೆಯ ಹತ್ತಿ ಹಾಸಿನ ಮೇಲೆ ಕಪ್ಪು ಚಂದ್ರಕಾಳಿ ಸೀರೆ.

ಕಸೂತಿ ನೋಡಿದವರಿಗೆ ಗೊತ್ತು. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಹೋಗಬೇಕು. ಗಂಟು ಹಾಕುವಂತಿಲ್ಲ. ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಒಮ್ಮೆ ಹೋಗಿ ಅದೇ ದಾರಿಯಲ್ಲಿ ಮರಳಿ ಬಂದು ಬಿಟ್ಟ ಜಾಗಗಳನ್ನು ತುಂಬುತ್ತದೆ, ಆದ್ದರಿಂದ ಎರಡೂ ಬದಿ ಒಂದೇ ಥರ ಕಾಣುತ್ತದೆ. ಮುರ್ಗಿಯೂ ಹಾಗೇ. ನೇಗಿ ನೇಯ್ದಂತೆ ಕಾಣುತ್ತದೆ, ಮೆಂಥಿ ಅಡ್ಡಡ್ಡ ಹೊಲಿಗೆ, ತೂಕ ಜಾಸ್ತಿ. ಒಂದೆಳೆ ತಪ್ಪಿದರೆ ಗೋಪುರ ವಾಲುತ್ತದೆ, ಮತ್ತೆ ಎಲ್ಲಿ ತಪ್ಪಿತೋ ಅಲ್ಲಿಯವರೆಗೆ ಬಿಚ್ಚುತ್ತಾ ಬರಬೇಕು. ಸೆರಗಿನ ಹತ್ತಿರ ದೊಡ್ಡ ಚಿತ್ತಾರಗಳು, ಗೋಪುರ, ರಥ, ಅಂಬಾರಿ ಆನೆ, ತುಳಸಿ ಬೃಂದಾವನ. ದೂರ ಹೋದಂತೆ ಚಿಕ್ಕವು. 2006ರಲ್ಲಿ ನಮ್ಮ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿತೆಂದು ಪೇಪರಿನಲ್ಲಿ ಓದಿ ಹೇಳಿದಾಗ ಆಯಿ ಸಂತೋಷಪಟ್ಟು, "ಹಂಗಾರ ಇನ್ನ ಹುಡುಗ್ಯಾರು ಕಲಿತಾರೇನು?" ಎಂದು ಕೇಳಿದ್ದಳು. ನಾನು ಕಲಿತಿರಲಿಲ್ಲ. ಆ ಮಾತು ಈ ಮಳೆಗಾಲದಲ್ಲಿ ಎಷ್ಟೋ ಸಲ ನೆನಪಾಯಿತು.

ಹನ್ನೊಂದರಲ್ಲಿ ಒಂಬತ್ತು ಆಯಿಯ ಕೈಯವು, ಎರಡು ಆಕೆಯ ತಾಯಿಯವು ಎಂದು ಮನೆಯಲ್ಲಿ ಮಾತು. ಯಾವ ಎರಡು ಎಂದು ಯಾರಿಗೂ ಗೊತ್ತಿಲ್ಲ. ಎರಡು ದಿನ ನೋಡಿದರೂ ನನಗೆ ಎಲ್ಲ ಒಂದೇ ಕಂಡವು. ಮೂರನೆಯ ದಿನ ಮಧ್ಯಾಹ್ನ ದೊಡ್ಡತ್ತೆ ಕನ್ನಡಕ ಹಣೆಗೇರಿಸಿ ಸೆರಗನ್ನು ಮೂಗಿನ ಹತ್ತಿರ ಹಿಡಿದು, "ಗಿಣಿ" ಅಂದರು.

ಆಯಿ ಹಾಕಿದ ತುಳಸಿ ಬೃಂದಾವನದ ಎಡಗಡೆ, ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ, ಜೋಳದ ಕಾಳಿನಷ್ಟು ಚಿಕ್ಕ ಗಿಣಿ. ಗವಂತಿಯಲ್ಲಿ, ಹಸಿರು ಎಳೆ. ಒಂಬತ್ತು ಸೀರೆಗಳಲ್ಲೂ ಇತ್ತು, ಒಂದೇ ಜಾಗದಲ್ಲಿ. ಉಳಿದೆರಡರಲ್ಲಿ ಇರಲಿಲ್ಲ. ತಾನು ಸಣ್ಣವಳಿದ್ದಾಗ "ಇದ್ಯಾಕ ಇಲ್ಲೆ ಕೂತೈತಿ?" ಎಂದು ಕೇಳಿದ್ದಕ್ಕೆ ಆಯಿ "ನಾ ಕೂತೀನಿ" ಎಂದಿದ್ದಳಂತೆ. ಅದನ್ನು ದೊಡ್ಡತ್ತೆ ಎಪ್ಪತ್ತು ವರ್ಷ ಮರೆತಿದ್ದರು. ಅವರೂ ಇಲ್ಲದ ಕಾಲಕ್ಕೆ ನಾನು ಟ್ರಂಕು ತೆರೆದಿದ್ದರೆ ಆ ಗಿಣಿ ನನಗೆ ಬರೀ ಗಿಣಿಯಾಗಿರುತ್ತಿತ್ತು. ನಿಮ್ಮ ಮನೆಯಲ್ಲಿ ಇಂಥ ಟ್ರಂಕು ಇದ್ದರೆ, ಅದನ್ನು ತುಂಬಿದವರು ಇರುವಾಗಲೇ ತೆರೆಯಿರಿ. ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ. ನಮ್ಮ ಆಯಿ 94 ವರ್ಷ ಇದ್ದಳು, ನಾನು ಒಮ್ಮೆಯೂ ಕೂರಿಸಿಕೊಂಡು ಕೇಳಲಿಲ್ಲ.

ಹಳೆಯ ಬಟ್ಟೆ ಇಡುವ ಬಗ್ಗೆ ನಾವು ಕಲಿತದ್ದು ಇಷ್ಟು. ಡಾಂಬರು ಗುಳಿಗೆ ಬಟ್ಟೆಗೆ ತಾಗಬಾರದು. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಲ್ಲುತ್ತದೆ, ಬೇಡ. ಬಣ್ಣ ಹಾಕದ, ಗಂಜಿ ತೊಳೆದು ತೆಗೆದ ಹತ್ತಿ ಬಟ್ಟೆಯಲ್ಲಿ ಸುತ್ತಬೇಕು. ಮಡಿಕೆ ಬಿದ್ದಲ್ಲೇ ಸೀರೆ ಸೀಳುತ್ತದೆ, ಆದ್ದರಿಂದ ಸಾಧ್ಯವಿದ್ದರೆ ಬಟ್ಟೆ ಸುತ್ತಿದ ಕೊಳವೆಗೆ ಸುರುಳಿ ಸುತ್ತಿಡುವುದು ಒಳ್ಳೆಯದು. ಮಡಚಲೇಬೇಕಾದರೆ ಮೂರ್ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಗೆರೆಯಲ್ಲಿ ಮಡಚಬೇಕು. ಬಿಸಿಲಿಗೆ ಹಾಕುವುದು, ಮನೆಯಲ್ಲೇ ತೊಳೆಯುವುದು ಬೇಡವೇ ಬೇಡ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ, ಎರಡೂ ಬದಿ ತೆಗೆಯಿರಿ.

ಈ ಪಟ್ಟಿ ಸುಮ್ಮನೆ ಮಾಡಿದ್ದು, ಆದರೆ ಅದರಿಂದಲೇ ದೊಡ್ಡದೊಂದು ತಪ್ಪು ತಪ್ಪಿತು. ದೊಡ್ಡತ್ತೆಯ ಮಗಳು ಅಮೆರಿಕದಲ್ಲಿದ್ದಾಳೆ. ಮುತ್ತಜ್ಜಿಯ ಸೀರೆ ತನಗೆ ಬೇಕೆಂದು ಮೊದಲಿನಿಂದ ಆಸೆಪಟ್ಟವಳು. ಆಗಸ್ಟಿನಲ್ಲಿ ಬಂದಾಗ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೊರಡುವವಳಿದ್ದಳು. ಪರಿಚಯದವರೊಬ್ಬರು ತಡೆದರು. ನೂರು ವರ್ಷಕ್ಕಿಂತ ಹಳೆಯ ಕಲೆ, ಕರಕುಶಲದ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತುಗಳೇ. ಖಾಸಗಿಯವರು ಅವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ತಪ್ಪಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ. ಮನೆಯ ಸೀರೆಗೂ ಇದು ಹತ್ತುತ್ತದೆಂದು ನಮಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಆಯಿಯ ತಾಯಿಯ ಮದುವೆ 1920ಕ್ಕಿಂತ ಮೊದಲೇ ಆದದ್ದು, ಆಯಿಯ ದೊಡ್ಡಣ್ಣ ಹುಟ್ಟಿದ್ದೇ 1920ರಲ್ಲಿ. ಹಾಗಾಗಿ ನೂರು ವರ್ಷ ದಾಟಿರಬಹುದಾದ, ಗಿಣಿ ಇಲ್ಲದ ಎರಡು ಸೀರೆಗಳೂ ಇಲ್ಲೇ ಉಳಿಯಬೇಕು.

ಅವಳು ಅತ್ತಳು. ನಾನೂ ಅತ್ತೆ. ಕೊನೆಗೆ ಆಯಿಯದೇ ಒಂದು ಚಂದ್ರಕಾಳಿ ಕೊಡುವುದೆಂದಾಯಿತು, ಮದುವೆಯಾದ ಹೊಸದರಲ್ಲಿ ಹಾಕಿದ್ದು. ವಿಮಾನ ನಿಲ್ದಾಣದಲ್ಲಿ ಸಂಶಯ ಬಂದರೆ ತೋರಿಸಲು, ಇದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಸರ್ವೇಕ್ಷಣೆಯಿಂದ ಪಡೆಯಬಹುದು. ಅದಕ್ಕೆ ವಸ್ತುವನ್ನೂ ಫೋಟೋಗಳನ್ನೂ ಒಯ್ದು ತೋರಿಸಬೇಕು. ಅವಳ ರಜೆ ಮುಗಿದು ಬರಿಗೈಯಲ್ಲೇ ಮರಳಿದಳು. ನಾವು ಇಲ್ಲಿ ಅರ್ಜಿ ಹಾಕಿ ಕಾದೆವು. ನೋಡಿದವರು ಬಹಳ ಹೊತ್ತು ಸೆರಗನ್ನೇ ನೋಡುತ್ತಿದ್ದರು, ನಮ್ಮ ಪಟ್ಟಿಯನ್ನೂ ಗಿಣಿಯ ಫೋಟೋಗಳನ್ನೂ ಆಸಕ್ತಿಯಿಂದ ಕೇಳಿ ನೋಡಿದರು. ಕೊನೆಯ ಕಾಗದ ಅಂದೆನಲ್ಲ, ಅದು ಇದೇ. ಅದು ಕೈಗೆ ಬಂದ ಎರಡೇ ದಿನಕ್ಕೆ ಊರಿನ ಹುಡುಗನೊಬ್ಬ ಅವಳ ಪಕ್ಕದ ಊರಿಗೇ ಹೊರಟಿದ್ದ, ಅವನ ಕೈಯಲ್ಲಿ ಸೀರೆ ಕಳಿಸಿದೆವು.

ನಿನ್ನೆ ರಾತ್ರಿ ವೀಡಿಯೋ ಕರೆ ಬಂತು. ಸೀರೆಯನ್ನು ಮಂಚದ ಮೇಲೆ ಹರಡಿಕೊಂಡಿದ್ದಳು. ಹಾಲ್‌ನ ಗೋಡೆಗೆ ಚೌಕಟ್ಟು ಹಾಕಿಸುವುದಕ್ಕೆ ಹೋಗಬೇಡ, ಬೆಳಕಿಗೆ ಬಣ್ಣ ಹೋಗುತ್ತದೆ ಎಂದು ನಾನು ಶುರು ಮಾಡುವುದರೊಳಗೆ ಅವಳು, "ಅದಿರಲಿ, ಇದರಾಗ ಮ್ಯಾಲಿನ ಬದಿ ಯಾವುದು, ಕೆಳಗಿನ ಬದಿ ಯಾವುದು? ಎರಡೂ ಒಂದ ಥರ ಅದಾವ" ಎಂದು ಸೆರಗನ್ನು ತಿರುಗಿಸಿ ಮುರುಗಿಸಿ ತೋರಿಸಿದಳು.

ದೊಡ್ಡತ್ತೆ ನನ್ನ ಕೈಯಿಂದ ಫೋನ್ ತೆಗೆದುಕೊಂಡರು. "ತುಳಸೀಕಟ್ಟಿ ಹಂತ್ಯಾಕ ಆಯಿ ಕೂತಾಳ ನೋಡು. ಎಡಕ್ಕ ಕಂಡಳಂದ್ರ ಅದ ಮ್ಯಾಲಿನ ಬದಿ."